ಭತ್ತದ ಹೊಟ್ಟಿನ ಪೆಟ್ಟಿಗೆ: ಒಣಗಿದ್ದರಷ್ಟೇ ಬಿಸಿ ನಿಲ್ಲುತ್ತದೆ

ಮಾನ್ಯರೇ,

ಕುದಿ ಬಂದ ಪಾತ್ರೆಯನ್ನು ಒಲೆಯಿಂದ ಇಳಿಸಿ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ಅದರದೇ ಬಿಸಿಯಲ್ಲಿ ಬೇಯಲು ಬಿಡುವುದು ಗ್ಯಾಸ್ ಉಳಿಸುವ ಒಳ್ಳೆಯ ಉಪಾಯ. ಆದರೆ ಪಾತ್ರೆಗೆ ಫಾಯಿಲ್ ಸುತ್ತಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿಡಿ ಎಂದು ಮೊಬೈಲ್‌ಗಳಲ್ಲಿ ಹರಿದಾಡುವ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಥರ್ಮೋಕೋಲ್ 80 ಡಿಗ್ರಿ ದಾಟಿತೆಂದರೆ ಮೆತ್ತಗಾಗಿ ಕುಗ್ಗತೊಡಗುತ್ತದೆ. ಕುದಿಯುವ ಪಾತ್ರೆ 100 ಡಿಗ್ರಿಯ ಹತ್ತಿರ ಇರುತ್ತದೆ. ಫಾಯಿಲ್ ಶಾಖವನ್ನು ವಾಪಸ್ ಕಳಿಸಬೇಕಾದರೆ ಅದರ ಮುಂದೆ ಗಾಳಿಯ ಜಾಗ ಬೇಕು. ಎರಡೂ ಕಡೆ ಒತ್ತಿಕೊಂಡಿದ್ದರೆ ಅದು ಬರೀ ಲೋಹದ ಹಾಳೆ.

ಇದಕ್ಕೆ ಹೇಳಿ ಮಾಡಿಸಿದ ವಸ್ತು ಗಂಗಾವತಿ, ಸಿಂಧನೂರು, ದಾವಣಗೆರೆಯ ರೈಸ್ ಮಿಲ್ಲುಗಳಲ್ಲಿ ರಾಶಿ ಬೀಳುವ ಭತ್ತದ ಹೊಟ್ಟು. ದೋಣಿಯಂತೆ ಬಾಗಿದ ಸಿಪ್ಪೆಗಳು ಒಂದರ ಮೇಲೊಂದು ಬಿದ್ದಾಗ ನಡುವೆ ಸಣ್ಣ ಸಣ್ಣ ಗಾಳಿಯ ಗೂಡುಗಳಾಗುತ್ತವೆ. ಶಾಖವನ್ನು ತಡೆಯುವುದು ಈ ಗಾಳಿ. ಬಯಲಿನ ಗಾಳಿ ಬಿಸಿಯಾದೊಡನೆ ಮೇಲೆದ್ದು ಶಾಖ ಹೊತ್ತೊಯ್ಯುತ್ತದೆ. ಗೂಡಿನಲ್ಲಿ ಸಿಕ್ಕಿಬಿದ್ದ ಗಾಳಿಗೆ ಅಲುಗಾಡಲು ಜಾಗವಿಲ್ಲ. ಕಂಬಳಿ, ಹುಲ್ಲು, ಹತ್ತಿ, ಮರದ ಹೊಟ್ಟು ಎಲ್ಲವೂ ಕೆಲಸ ಮಾಡುವುದು ಹೀಗೆಯೇ. ಕಂಬಳಿ ಬಿಸಿ ಕೊಡುವುದಿಲ್ಲ, ಮೈಯ ಬಿಸಿ ಹೋಗದಂತೆ ನೋಡಿಕೊಳ್ಳುತ್ತದೆ. ಐಸ್ ಗಡ್ಡೆಗೆ ಮರದ ಹೊಟ್ಟು ಮುಚ್ಚುವುದೂ ಇದೇ ಕಾರಣಕ್ಕೆ.

ಹೊಟ್ಟನ್ನು ಮೊದಲು ಜರಡಿ ಹಿಡಿಯಿರಿ. ತೌಡು ಉಳಿದರೆ ಕಮಟು ವಾಸನೆ, ಹುಳ ಎರಡೂ ಗ್ಯಾರಂಟಿ. ಎರಡು ದಿನ ಬಿಸಿಲಿಗೆ ಹಾಕಿ, ಒತ್ತಾಗಿ ನೇಯ್ದ ಬಟ್ಟೆಯ ಚೀಲಗಳಲ್ಲಿ ತುಂಬಿ. ಗಿಡಿದು ತುಂಬಿದರೆ ಗಾಳಿಯ ಗೂಡುಗಳು ಹೋಗುತ್ತವೆ. ತೀರಾ ಸಡಿಲವಾದರೆ ಹೊಟ್ಟು ಕೆಳಗಿಳಿದು ಮೇಲ್ಗಡೆ ಟೊಳ್ಳಾಗುತ್ತದೆ. ಮರದ ಪೆಟ್ಟಿಗೆಯಲ್ಲೋ ಬಿದಿರಿನ ಬುಟ್ಟಿಯಲ್ಲೋ ತಳ, ಸುತ್ತ, ಮೇಲೆ ಕನಿಷ್ಠ 10 ಸೆಂ.ಮೀ. ದಪ್ಪ ಬರಬೇಕು. ಹೆಚ್ಚಿನವರು ಮೇಲಿನ ದಿಂಬಿನಲ್ಲಿ ಎಡವುತ್ತಾರೆ: ಅಂಚಿನಲ್ಲಿ ಒಂದು ಬೆರಳು ಸಂದು ಉಳಿದರೂ ಬಿಸಿಗಾಳಿ ಅಲ್ಲಿಂದಲೇ ಹೋಗುತ್ತದೆ. ಸೌಟು ಒಳಗಿಟ್ಟು ಹಿಡಿಯನ್ನು ಹೊರಗೆ ಚಾಚಬೇಡಿ.

ದೊಡ್ಡ ಶತ್ರು ತೇವ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ಶಾಖ ಸಾಗಿಸುತ್ತದೆ. ಮುಚ್ಚಳದ ಸಂದಿನಿಂದ ಬರುವ ಹಬೆ ಹೊಟ್ಟಿಗೆ ಇಳಿಯದಂತೆ ಪಾತ್ರೆಗೆ ದಪ್ಪ ಟವೆಲ್ ಸುತ್ತಿ, ಅದನ್ನು ದಿನಾ ಒಣಗಿಸಿ. ಚೀಲಗಳಿಗೆ ವಾರಕ್ಕೊಮ್ಮೆ ಬಿಸಿಲು ಸಾಕು. ಮಳೆಗಾಲದಲ್ಲಿ ಮುಟ್ಟಿ ನೋಡುತ್ತಿರಿ.

ಅಕ್ಕಿ ಐದು ನಿಮಿಷ ಕುದಿದರೆ ಪೆಟ್ಟಿಗೆಯಲ್ಲಿ ಮುಕ್ಕಾಲು ಗಂಟೆ. ನೆನೆಸಿದ ತೊಗರಿಬೇಳೆ 10-15 ನಿಮಿಷ ಕುದಿದರೆ ಒಂದೂವರೆಯಿಂದ ಎರಡು ಗಂಟೆ. ನೀರು ಆವಿಯಾಗುವುದಿಲ್ಲ, ಆದ್ದರಿಂದ ಮಾಮೂಲಿಗಿಂತ ಕಾಲು ಭಾಗ ಕಡಿಮೆ ಹಾಕಿ. ರಾಜ್ಮಾ ಮಾತ್ರ ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಕೊತಕೊತ ಕುದಿಯಲೇಬೇಕು. ಅದರಲ್ಲಿರುವ ವಿಷಕಾರಿ ಅಂಶ ಮಂದ ಬಿಸಿಗೆ ಹೋಗುವುದಿಲ್ಲ.

ಪಾತ್ರೆ ಮುಕ್ಕಾಲಾದರೂ ತುಂಬಿರಲಿ. ಒಂದು ಲೀಟರ್ ಸಾರು ಐದು ಲೀಟರಿಗಿಂತ ಹತ್ತಿರಹತ್ತಿರ ಎರಡು ಪಟ್ಟು ಬೇಗ ಆರುತ್ತದೆ. ಹಾಗಾಗಿ ಹಾಸ್ಟೆಲ್‌, ಕಲ್ಯಾಣ ಮಂಟಪಗಳ ಅಡುಗೆಗೆ ಇದರ ಲಾಭ ಇನ್ನೂ ಹೆಚ್ಚು. ಎಷ್ಟೇ ಚೆನ್ನಾದ ಪೆಟ್ಟಿಗೆಯಾದರೂ ನಾಲ್ಕು ಗಂಟೆಯೊಳಗೆ ತೆಗೆದು ಬಡಿಸಿ. ಆಹಾರ 60 ಡಿಗ್ರಿಗಿಂತ ಕೆಳಗೆ ಬಂದು ಬೆಚ್ಚಗೇ ಉಳಿದರೆ, ಕುದಿತಕ್ಕೂ ಸಾಯದ ಬ್ಯಾಕ್ಟೀರಿಯಾ ಬೀಜಕಗಳು ಅನ್ನದಲ್ಲಿ ಮೊಳೆಯುತ್ತವೆ. ಅವು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ರಾತ್ರಿಯಿಡೀ ಒಳಗೇ ಉಳಿದ ಅನ್ನವನ್ನು ಚೆಲ್ಲಿಬಿಡಿ.

— ಓದುಗ, ದಾವಣಗೆರೆ