ಮಕ್ಕಳಿಗೆ ಮನೆಯ ಫೋನ್ ನಂಬರ್ ಬಾಯಿಪಾಠ ಮಾಡಿಸಿ

ಗುಂಪಿನ ಅಕ್ಕಂದಿರಿಗೆ, ಅಣ್ಣಂದಿರಿಗೆ ನಮಸ್ಕಾರ.

ಭಾನುವಾರ ಸಂಜೆ ಹುಬ್ಬಳ್ಳಿ ದುರ್ಗದಬೈಲ್‌ನಲ್ಲಿ ಒಂದು ಹುಡುಗಿ ಒಬ್ಬಳೇ ಅಳುತ್ತಾ ನಿಂತಿದ್ದಳು. ಐದು ವರ್ಷ ಇರಬಹುದು. ಬಲೂನಿನ ದಾರ ಮಾತ್ರ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು. "ಅಪ್ಪನ ನಂಬರ್ ಹೇಳವ್ವಾ" ಅಂದೆ. "ಅವ್ವನ ಫೋನಿನಾಗ ಐತ್ರಿ" ಅಂದಳು. ಹೆಸರು ಕೇಳಿದರೆ "ಅಪ್ಪ" ಅಷ್ಟೇ. ಹತ್ತು ನಿಮಿಷಕ್ಕೆ ಅವಳ ಅವ್ವ ಹುಡುಕಿಕೊಂಡು ಓಡಿ ಬಂದರು. ಮನೆಗೆ ಬಂದು ನನ್ನ ಮಗನನ್ನು ಕೇಳಿದೆ. ಅವನಿಗೂ ನಂಬರ್ ಗೊತ್ತಿರಲಿಲ್ಲ.

ದಯವಿಟ್ಟು ಇವತ್ತೇ ಶುರು ಮಾಡಿ. ರಾತ್ರಿ ಊಟದ ಹೊತ್ತಿಗೆ, ಮಗ್ಗಿ ಹೇಳಿಸುವ ಹಾಗೆ, ಎರಡೆರಡು ಅಂಕಿ ಜೋಡಿಸಿ ಹಾಡಿನ ಧಾಟಿಯಲ್ಲಿ ಹೇಳಿಸಿ. ನನ್ನ ಮಗ ನಾಲ್ಕೇ ದಿನಕ್ಕೆ ಕಲಿತ. ಅಪ್ಪ-ಅವ್ವನ ಪೂರ್ತಿ ಹೆಸರು, ಓಣಿಯ ಹೆಸರೂ ಬರಲಿ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಫೋನ್ ಲಾಕ್ ಆಗಿದ್ದರೂ 112ಕ್ಕೆ ಕರೆ ಹೋಗುತ್ತದೆ. ಸುಮ್ನೆ ಕರೆ ಮಾಡಿಸಬೇಡಿ, ಎಲ್ಲಿ ಒತ್ತಬೇಕು ಅಂತ ತೋರಿಸಿದರೆ ಸಾಕು.

ಇನ್ನೊಂದು ಮಾತು. ಹೇಳೋಕೆ ಸಂಕೋಚ, ಆದರೂ ಹೇಳಲೇಬೇಕು. ಯಾರಾದರೂ ಮುಟ್ಟಿದ್ದು ಇಷ್ಟ ಆಗದಿದ್ದರೆ, ಅವರು ಕಾಕಾ ಆಗಲಿ ಮಾಮಾ ಆಗಲಿ, "ಬ್ಯಾಡ" ಅಂತ ಜೋರಾಗಿ ಕೂಗಿ ಓಡಿ ಬರಲು ಕಲಿಸಿ. ಬಂದು ಹೇಳಿದಾಗ ಬೈಯಬೇಡಿ, ನಂಬಿ. ಹುಡುಗರಿಗೂ ಇದನ್ನು ಕಲಿಸಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಅವರಿಗೂ ಇದೆ, ಅಲ್ವಾ?

ತೀರ ಸಣ್ಣವರಿದ್ದರೆ ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆಗೆ ಹೊರಡುವಾಗ ಅಂಗಿ ಜೇಬಿನಲ್ಲಿ ನಂಬರ್ ಬರೆದ ಚೀಟಿ ಇಡಿ.