ಸೆನೆಟ್ ಮತದ ಸಂದೇಶ: ಕಳಿಸುವ ಮೊದಲು ಓದಿ

ಗೆಳೆಯರೇ, "ಅಮೆರಿಕದ ಸೆನೆಟ್ ಟ್ರಂಪ್ ಸುಂಕ ರದ್ದು ಮಾಡಿತು" ಎಂಬ ಸಂದೇಶವನ್ನು ದಯವಿಟ್ಟು ಹಾಗೇ ಫಾರ್ವರ್ಡ್ ಮಾಡಬೇಡಿ. 2025ರ ಅಕ್ಟೋಬರ್ 28ರಂದು ತುರ್ತುಸ್ಥಿತಿ ಘೋಷಿಸಿ ಟ್ರಂಪ್ ಬ್ರೆಜಿಲ್ ಸರಕುಗಳ ಮೇಲೆ ಹಾಕಿದ್ದ ಸುಂಕ ಕೊನೆಗೊಳಿಸುವ ನಿರ್ಣಯ ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ 52–48ರಿಂದ ಗೆದ್ದಿದ್ದು ನಿಜ. ಆದರೆ ಅಷ್ಟಕ್ಕೇ ಸುಂಕ ಹೋಗುವುದಿಲ್ಲ. ಕೆಳಮನೆಯೂ ಒಪ್ಪಬೇಕು. ಅಧ್ಯಕ್ಷರು ವೀಟೊ ಹಾಕಿದರೆ, ಅಂದರೆ ನಿರ್ಣಯವನ್ನು ತಿರಸ್ಕರಿಸಿದರೆ, ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಅದು ಸುಲಭವಲ್ಲ.

ಗಮನಿಸಬೇಕಾದ್ದು ಬೇರೆ ಇದೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಕೆನಡಾ ಸುಂಕದ ವಿರುದ್ಧ ಟ್ರಂಪ್ ಅವರದೇ ರಿಪಬ್ಲಿಕನ್ ಪಕ್ಷದ ನಾಲ್ವರು ಸೆನೆಟ್ ಸದಸ್ಯರು ಮತ ಹಾಕಿದ್ದರು. ಬ್ರೆಜಿಲ್ ವಿಷಯದಲ್ಲಿ ಐವರಾದರು, ಥಾಮ್ ಟಿಲ್ಲಿಸ್ ಸೇರಿಕೊಂಡರು. ಅವರು ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಎಂದು ಮೊದಲೇ ಹೇಳಿದ್ದವರು. ಸ್ವಂತ ಪಕ್ಷದ ಅಧ್ಯಕ್ಷರ ವಿರುದ್ಧ ಮತ ಹಾಕೋದು ಅಲ್ಲಿ ಸಣ್ಣ ಮಾತಲ್ಲ, ಅಲ್ವಾ? ತಪ್ಪು ಸಂದೇಶ ಈಗಾಗಲೇ ಕಳಿಸಿದ್ದರೆ ಅಳಿಸಿಬಿಡಿ.