ವೈವಾ ಮುಗಿಯಿತು, ಥ್ಯಾಂಕ್ಸ್ ಹೇಳೋದು ಬಾಕಿ ಇದೆ

ಹೋದ ವಾರ ನನ್ನ ಪಿಎಚ್‌ಡಿ ವೈವಾ, ಅಂದ್ರೆ ಕೊನೆಯ ಮೌಖಿಕ ಪರೀಕ್ಷೆ, ಮುಗಿಯಿತು. ಫೋನ್ ಮಾಡಿ, ಮೆಸೇಜ್ ಹಾಕಿ ಹರಸಿದ ಎಲ್ಲರಿಗೂ ಧನ್ಯವಾದ. "ಇಷ್ಟು ವರ್ಷ ಅಲ್ಲಿ ಏನು ಮಾಡ್ತಿದ್ದೆ?" ಅಂತ ಊರಲ್ಲಿ ತುಂಬಾ ಜನ ಕೇಳಿದ್ದಾರೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಬಿಸಿಲಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವುದು ನಮ್ಮ ಕೆಲಸ. ಇವತ್ತು ಜಗತ್ತಿನಲ್ಲಿ ಹೈಡ್ರೋಜನ್ ಜಾಸ್ತಿ ಬರುವುದು ನೈಸರ್ಗಿಕ ಅನಿಲದಿಂದ. ಹಾಗೆ ಒಂದು ಕಿಲೋ ತೆಗೆದರೆ ಒಂಬತ್ತು ಹತ್ತು ಕಿಲೋ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಬೆಳಕಿನಿಂದಲೂ ನೀರು ಒಡೆಯುತ್ತದೆ ಅಂತ ಜಪಾನಿನ ಫುಜಿಶಿಮಾ ಮತ್ತು ಹೋಂಡಾ 1972ರಲ್ಲೇ ತೋರಿಸಿದ್ದರು. ಆದರೆ ಅವರು ಬಳಸಿದ ಟೈಟಾನಿಯಂ ಡೈಆಕ್ಸೈಡ್ ನೇರಳಾತೀತ ಕಿರಣವನ್ನಷ್ಟೇ ಹೀರುತ್ತದೆ. ನಾವು ಹಿಡಿದದ್ದು ಬಿಸ್ಮತ್ ವೆನೇಡೇಟ್. ಗಾಜಿಗೆ ಅರಿಶಿನ ಬಳಿದ ಹಾಗೆ ಕಾಣುವ ತೆಳು ಪದರ. ಇದು ನೀಲಿ ಬೆಳಕನ್ನೂ ಹೀರುತ್ತದೆ. ಕಷ್ಟ ಏನಂದ್ರೆ, ನೀರಲ್ಲಿ ಬೆಳಕು ಬೀಳುತ್ತಾ ಹೋದ ಹಾಗೆ ಇದರ ವೆನೇಡಿಯಂ ಕರಗಿ ಹೋಗುತ್ತದೆ. ಬೆಳಕು ಬಿದ್ದಾಗ ಈ ಪದರದಿಂದ ಹರಿಯುವ ಕರೆಂಟೇ ನೀರನ್ನು ಒಡೆಯುವುದು. ಬೆಳಗ್ಗೆ ಚೆನ್ನಾಗಿ ಬಂದ ಆ ಕರೆಂಟ್ ಸಂಜೆಗೆ ಇಳಿದಿರುತ್ತಿತ್ತು.

ಆ ದಿನಗಳಲ್ಲಿ ನನ್ನ ಗೈಡ್ ಹೇಳಿದ್ದು ಒಂದೇ ಮಾತು. "ಪೇಪರ್ ಆಮೇಲೆ ಬರೆಯೋಣಮ್ಮ, ಇದು ಯಾಕೆ ಹಾಳಾಗ್ತಿದೆ ಅಂತ ಮೊದಲು ನೋಡು." ಆ ಪುರುಸೊತ್ತು ಕೊಟ್ಟಿದ್ದಕ್ಕೆ ಮೇಡಂಗೆ ನಾನು ಋಣಿ.

ಲ್ಯಾಬಿಗೆ ಬೇಕಾದ ಗಾಜಿನ ಸಾಮಾನು ಮಾಡಿಕೊಡುವ ಗ್ಲಾಸ್ ಬ್ಲೋಯಿಂಗ್ ಸೆಕ್ಷನ್ನಿನ ಅಣ್ಣನ ಬಗ್ಗೆ ಥೀಸಿಸ್‌ನಲ್ಲಿ ಒಂದೇ ಸಾಲು ಬರೆದಿದ್ದೇನೆ. ಅದು ಸಾಲದು. ಹೈಡ್ರೋಜನ್ ಎಷ್ಟು ಚಿಕ್ಕ ಅಣು ಅಂದ್ರೆ, ಸಣ್ಣ ಸಂದು ಸಿಕ್ಕರೂ ಸೋರಿ ಹೋಗುತ್ತದೆ. ಕರೆಂಟ್ ಲೆಕ್ಕದಲ್ಲಿ ಬರಬೇಕಾದಷ್ಟು ಅನಿಲ ಅಳೆಯುವಾಗ ಸಿಗುತ್ತಲೇ ಇರಲಿಲ್ಲ. ನೀರು ಒಡೆಯುವ ನಮ್ಮ ಗಾಜಿನ ಪಾತ್ರೆಗೆ, ಅಂದ್ರೆ ಸೆಲ್‌ಗೆ, ಬೆಳಕು ಒಳಗೆ ಬರಲು ಕ್ವಾರ್ಟ್ಜ್ ಕಿಟಕಿ ಇತ್ತು. ಅದನ್ನು ಮಾಮೂಲಿ ಲ್ಯಾಬ್ ಗಾಜಿಗೆ ನೇರವಾಗಿ ಬೆಸೆಯಲು ಆಗಲ್ಲ, ಎರಡೂ ಬಿಸಿಗೆ ಹಿಗ್ಗುವ ರೀತಿ ಬೇರೆ. ಅಣ್ಣ ಸೆಲ್‌ಗೆ ಚಪ್ಪಟೆ ಅಂಚು ಮಾಡಿ, ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಕೂರಿಸಿ, ಕಿಟಕಿಯನ್ನು ಬಿಗಿದು ಕೊಟ್ಟರು. ಒಂದು ಸಲ ಸೆಲ್‌ನ ಬೇರೊಂದು ಗಾಜಿನ ಬೆಸುಗೆಯನ್ನು ದೀಪದ ಮುಂದೆ ಹಿಡಿದು, "ನೋಡಿ ಮೇಡಂ, ಇಲ್ಲಿ ಎಳೆತ ಇದೆ, ನಾಳೆ ಬಿರುಕು ಬಿಡುತ್ತೆ" ಅಂದರು. ನನ್ನ ಕಣ್ಣಿಗೆ ಏನೂ ಕಂಡಿರಲಿಲ್ಲ. ತಾವೇ ಮತ್ತೆ ಕಾಯಿಸಿ, ನಿಧಾನವಾಗಿ ಆರಲು ಬಿಟ್ಟರು. ನನ್ನ ಥೀಸಿಸ್‌ನ ಅಂಕಿಗಳನ್ನು ಯಾರಾದರೂ ನಂಬಿದರೆ ಅದರಲ್ಲಿ ಅವರ ಪಾಲು ದೊಡ್ಡದು.

ಹೈಡ್ರೋಜನ್ ತೆಗೆದರೆ ಮುಗಿಯಲಿಲ್ಲ, ಇಡಬೇಕಲ್ವಾ? ಮಾಮೂಲಿ ಒತ್ತಡದಲ್ಲಿ ಒಂದು ಕಿಲೋಗೆ ಹನ್ನೊಂದು ಸಾವಿರ ಲೀಟರಿಗೂ ಜಾಸ್ತಿ ಜಾಗ ಬೇಕು. ಪಕ್ಕದ ಬೆಂಚಿನ ಗೆಳತಿ ಲ್ಯಾಂಥನಮ್-ನಿಕ್ಕಲ್ ಮಿಶ್ರಲೋಹದ ಪುಡಿಯಲ್ಲಿ ಅದನ್ನು ಹಿಡಿದಿಡುತ್ತಿದ್ದಳು. ಅನಿಲ ಒಳಗೆ ಹೋದಂತೆ ಡಬ್ಬಿ ಬಿಸಿಯಾಗುವುದನ್ನು ಮುಟ್ಟಿ ನೋಡು ಅಂತ ನನ್ನನ್ನು ಕರೆದವಳೂ ಅವಳೇ. ಥ್ಯಾಂಕ್ಸ್ ಕಣೇ, ನಿನ್ನ ವೈವಾಗೆ ನಾನು ಮುಂದಿನ ಸಾಲಿನಲ್ಲಿ ಕೂರುತ್ತೇನೆ.

ಅಪ್ಪ, ಅಮ್ಮ, ಮದುವೆ ಮಾತೆತ್ತಿದವರನ್ನೆಲ್ಲ ನೀವೇ ಸಂಭಾಳಿಸಿದಿರಿ. ಅದು ನನಗೆ ಗೊತ್ತು.

ಸೆಲ್ ಈಗ ಜೂನಿಯರ್‌ಗಳ ಕೈಯಲ್ಲಿದೆ. ಪದರ ಮಾಡುವ ವಿಧಾನ ನನ್ನ ಲ್ಯಾಬ್ ನೋಟ್‌ಬುಕ್‌ನಲ್ಲಿದೆ. ಡೌಟ್ ಬಂದರೆ ಫೋನ್ ಮಾಡಿ. ಓ-ರಿಂಗ್ ಸಡಿಲ ಅನಿಸಿದರೆ ಮಾತ್ರ ಸೀದಾ ಅಣ್ಣನ ಹತ್ತಿರ ಹೋಗಿ.